ಈರುಳ್ಳಿ ಹೆಚ್ಚದ ದಿನ

ಸಂಕ್ರಾಂತಿಯ ಮಾರನೆಯ ದಿನ, ಇಳಿಹೊತ್ತು. ಮಗ ಅತ್ತು ಅತ್ತು ಕೊನೆಗೆ ನಿದ್ದೆಹೋಗಿದ್ದ. ನಿದ್ದೆಯಲ್ಲೂ ಆಗಾಗ ಒಂದು ಬಿಕ್ಕು ಬಂದು ಅವನ ಪುಟ್ಟ ಎದೆಯನ್ನು ಅಲುಗಿಸಿ ಹೋಗುತ್ತಿತ್ತು. ಮೂರೂವರೆ ವರ್ಷ ಅವನಿಗೆ. ಹಬ್ಬಕ್ಕೆ ಬಂದಿದ್ದ ಅವನಪ್ಪ ಮಧ್ಯಾಹ್ನ ಬೆಂಗಳೂರಿಗೆ ಹೊರಟಾಗ ಶುರುವಾದ ಅಳು. ಕಾರಿನ ಬಾಗಿಲು ಬಿಡದೆ, ಬೀದಿಯ ಮಣ್ಣಿನಲ್ಲಿ ಹೊರಳಾಡಿ, ಊರೆಲ್ಲ ನಿಂತು ನೋಡುವ ಹಾಗಾಯಿತು. ಅವನಿಗೆ ಹೊದಿಸಿ ನಾನು ಜಗಲಿಗೆ ಬಂದೆ. ದೊಡ್ಡಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಟಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಅಂಗನವಾಡಿಯಲ್ಲಿ 30 ವರ್ಷ ಟೀಚರ್ ಆಗಿದ್ದವರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಮ್ಮ ತಾಲ್ಲೂಕಿಗೇ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ಅಪ್ಪ ತೀರಿಕೊಂಡ ಮೇಲೆ, ಈ ಮೂರು ತಿಂಗಳಿಂದ, ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಜೊತೆಯಾಗಿರಲೆಂದು ನಮ್ಮ ಮನೆಯಲ್ಲೇ ಇದ್ದಾರೆ. ಆ ಸಂಜೆ ನಾವಾಡಿದ ಮಾತನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೇನೆ.

ದೊಡ್ಡಮ್ಮ: ಮಲಗಿದನಾ?

ನಾನು: ಮಲಗಿದ. ಇನ್ನೂ ಬಿಕ್ತಾನೇ ಇದಾನೆ. ನಂಗೆ ಸಾಕಾಗಿ ಹೋಯ್ತು ದೊಡ್ಡಮ್ಮ. ಅಷ್ಟು ಜನರ ಎದುರು ಏನು ಮಾಡಬೇಕು ಅಂತಲೇ ತೋಚಲಿಲ್ಲ.

ದೊಡ್ಡಮ್ಮ: ಕೂತ್ಕೋ. ನೀನೂ ಒಂದು ಹಿಡಿ ಕಾಯಿ ತಗೋ. ಮಧ್ಯಾಹ್ನ ಅವನಿಗೆ ಯಾರ್ಯಾರು ಏನೇನು ಅಂದ್ರು, ನೆನಪಿದ್ಯಾ?

ನಾನು: ಚಿಕ್ಕಪ್ಪ, 'ಗಂಡು ಹುಡುಗ ಅಳ್ತಾನೇನೋ, ನಾಚಿಕೆ ನಾಚಿಕೆ' ಅಂದ್ರು. ಪಕ್ಕದ ಮನೆ ಅಜ್ಜಿ, 'ಗುಮ್ಮ ಬಂದು ಹೊತ್ಕೊಂಡು ಹೋಗುತ್ತೆ' ಅಂದ್ರು. ಅತ್ತಿಗೆ, 'ಸುಮ್ನಾಗ್ದಿದ್ರೆ ಸೂಜಿ ಚುಚ್ಚಿಸ್ತೀನಿ' ಅಂದ್ರು. ಅಮ್ಮ, 'ಅಲ್ನೋಡು ಕಾಗೆ, ಅಲ್ನೋಡು ಕಾಗೆ' ಅಂತಿದ್ರು. ನಾನು ಕೊನೆಗೆ ಮೊಬೈಲ್ ಕೊಟ್ಟೆ.

ದೊಡ್ಡಮ್ಮ: ಐದು ಜನ. 'ಅಪ್ಪ ಹೊರಟಿದ್ದಕ್ಕೆ ಅಳು ಬಂತಾ ಮರಿ' ಅಂತ ಒಬ್ಬರಾದ್ರೂ ಅಂದ್ರಾ?

ನಾನು: ಅದು ಎಲ್ಲರಿಗೂ ಗೊತ್ತಿತ್ತಲ್ಲ.

ದೊಡ್ಡಮ್ಮ: ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನು ಒಂದು ವಿಷಯ ಹೇಳ್ತಾ ಇದ್ದ. ಕೇಳಿಸ್ಕೊಂಡ್ವಿ ಅಂತ ಯಾರೂ ಅನ್ನದೇ ಇದ್ರೆ ದನಿ ಏರಿಸದೆ ಇನ್ನೇನು ಮಾಡ್ತಾನೆ? ಮಗು ಬಿದ್ದಾಗ ನಾವು ಏನಂತೀವಿ ಹೇಳು.

ನಾನು: 'ಏನೂ ಆಗಿಲ್ಲ, ಏನೂ ಆಗಿಲ್ಲ. ಇರುವೆ ಸತ್ತೋಯ್ತು ನೋಡು.'

ದೊಡ್ಡಮ್ಮ: ಮಂಡಿ ತರಚಿ ರಕ್ತ ಬರ್ತಿರುತ್ತೆ, ಏನೂ ಆಗಿಲ್ಲ ಅಂತೀವಿ. ಮಗುಗೆ ಎರಡೇ ದಾರಿ. ದೊಡ್ಡೋರು ಸುಳ್ಳು ಹೇಳ್ತಾರೆ ಅನ್ಕೋಬೇಕು, ಇಲ್ಲಾ ತನ್ನ ನೋವೇ ಸುಳ್ಳು ಅನ್ಕೋಬೇಕು. ದೊಡ್ಡೋರ ಮೇಲೆ ಮಕ್ಕಳಿಗೆ ನಂಬಿಕೆ ಜಾಸ್ತಿ, ಅದಕ್ಕೆ ಎರಡನೇದನ್ನೇ ಹಿಡ್ಕೊಳ್ಳುತ್ವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅಷ್ಟೇ ಮಾಡ್ತಿದ್ದೆ. ಬಿದ್ದ ಮಗು ಎದುರು ನೆಲಕ್ಕೆ ಪಟ ಪಟ ಹೊಡೆದು, 'ನಮ್ಮ ಚಿನ್ನನ್ನ ಬೀಳಿಸ್ತೀಯಾ' ಅಂತಿದ್ದೆ. ಮಗು ನಗ್ತಿತ್ತು. ಒಂದಿನ ಒಂದು ಹೆಣ್ಣು ಮಗು ಓಡ್ತಾ ಇನ್ನೊಂದಕ್ಕೆ ಡಿಕ್ಕಿ ಹೊಡ್ಕೊಂಡು ತಾನೇ ಬಿತ್ತು. ಎದ್ದು, ಅಳ್ತಾ ಅಳ್ತಾನೇ, ಆ ಇನ್ನೊಂದು ಮಗು ಬೆನ್ನಿಗೆ ಪಟ ಪಟ ಹೊಡೀತು. ನಾನು ನೆಲಕ್ಕೆ ಹೊಡೀತಿದ್ದೆನಲ್ಲ, ಅದೇ ಕೈ, ಅದೇ ಲಯ. ಅವತ್ತಿಗೆ ನಿಲ್ಲಿಸಿದೆ.

ನಾನು: ಆದ್ರೆ ಅತ್ತ ಕೂಡಲೇ ಸಮಾಧಾನ ಮಾಡೋದು ನಮ್ಮ ಸಹಜ ಗುಣ ಅಲ್ವಾ? ಕೇಳೋಕಾಗಲ್ಲ ಆ ಸದ್ದು. ಇವನು ಒಂದೂವರೆ ತಿಂಗಳ ಕೂಸಾಗಿದ್ದಾಗ ಸಂಜೆ ಆದ್ರೆ ಸಾಕು, ಎರಡು ಮೂರು ಗಂಟೆ ಒಂದೇ ಸಮನೆ. ನನ್ನ ಹಾಲು ಸಾಲ್ತಿಲ್ಲ ಅಂದ್ರು, ದೃಷ್ಟಿ ಅಂದ್ರು. ನಾನೇ ಏನೋ ತಪ್ಪು ಮಾಡ್ತಿದೀನಿ ಅಂತ ಕೂತು ಅಳ್ತಿದ್ದೆ.

ದೊಡ್ಡಮ್ಮ: ಆ ವಯಸ್ಸಿಗೆ ಅದು ಮಾಮೂಲು. ಹುಟ್ಟಿದ ಎರಡನೇ ವಾರದಿಂದ ಅಳು ಏರ್ತಾ ಹೋಗಿ ಆರನೇ ವಾರದ ಹೊತ್ತಿಗೆ ನೆತ್ತಿಗೆ ಮುಟ್ಟುತ್ತೆ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತೆ. ನಮ್ಮ ತರಬೇತಿಯಲ್ಲೇ ಹೇಳಿದ್ರು. ಜ್ವರ ಇದ್ರೆ, ಹಾಲು ಬಿಟ್ರೆ, ಅಳುವಿನ ದನಿಯೇ ಬೇರೆ ಥರ ಆದ್ರೆ ಡಾಕ್ಟರ್ ಹತ್ರ ಓಡಬೇಕು, ಅದು ಬೇರೆ ಮಾತು. ಮತ್ತೆ ಎಷ್ಟೇ ಸಿಟ್ಟು ಬಂದ್ರೂ ಎಳೆಗೂಸನ್ನ ಹಿಡಿದು ಅಲುಗಾಡಿಸಬಾರದು. ತಡೆಯೋಕಾಗ್ದಿದ್ರೆ ಹಾಸಿಗೆ ಮೇಲೆ ಮಲಗಿಸಿ ಎರಡು ನಿಮಿಷ ಆಚೆ ಬಂದು ನಿಂತ್ಕೊಬೇಕು. ಇದನ್ನ ಪ್ರತಿ ಬಾಣಂತಿಗೂ ಹೇಳ್ತಿದ್ದೆ. ದೃಷ್ಟಿ ತೆಗೆದ್ರೆ ತೆಗೀಲಿ ಬಿಡು, ಒಂದು ಗಳಿಗೆ ಕೂಸನ್ನ ಬೇರೆಯೋರು ಎತ್ಕೊಂಡ್ರೆ ತಾಯಿಗೆ ಉಸಿರಾಡೋಕೆ ಬಿಡುವಾಗುತ್ತೆ.

ನಾನು: ಆಗ ಅವನ ಕಣ್ಣಲ್ಲಿ ನೀರೇ ಬರ್ತಿರಲಿಲ್ಲ. ಅಷ್ಟು ಕಿರುಚಿದ್ರೂ ಕಣ್ಣು ಒಣಗಿರ್ತಿತ್ತು. ಆಮೇಲೆ ಓದಿದೆ, ಡಾರ್ವಿನ್ ಇದನ್ನ ಲೆಕ್ಕ ಇಟ್ಟಿದ್ದನಂತೆ. ಅವನ ಕೋಟಿನ ತೋಳು ಅಕಸ್ಮಾತ್ ಒಂದು ಕೂಸಿನ ಕಣ್ಣಿಗೆ ತಾಕಿ ಆ ಒಂದು ಕಣ್ಣಲ್ಲಿ ಮಾತ್ರ ನೀರು ಬಂತಂತೆ, ಕೂಸಿಗೆ ಆಗ 77 ದಿನ. ಅತ್ತಾಗ ಕೆನ್ನೆ ಮೇಲೆ ನೀರು ಇಳಿದಿದ್ದು 139ನೇ ದಿನ. 1872ರ ಪುಸ್ತಕದಲ್ಲಿ ಬರೆದಿದ್ದಾನೆ.

ದೊಡ್ಡಮ್ಮ: ಗಂಡಸು ಕೂಸಿನ ಪಕ್ಕ ಕೂತು ಅಷ್ಟು ನೋಡಿದ್ನಲ್ಲ, ಅದೇ ದೊಡ್ಡದು.

ನಾನು: ಅವನಿಗೂ ದುಃಖ ಗೊತ್ತಿತ್ತು. 10 ವರ್ಷದ ಮಗಳು 1851ರಲ್ಲಿ ಕಾಯಿಲೆಯಿಂದ ತೀರಿಕೊಂಡಳು.

ದೊಡ್ಡಮ್ಮ ಸುಲಿಯುವುದನ್ನು ಒಂದು ಕ್ಷಣ ನಿಲ್ಲಿಸಿದರು. ಏನೂ ಹೇಳಲಿಲ್ಲ. ಮತ್ತೆ ಒಂದು ಕಾಯಿ ಬಿಡಿಸಿದರು.

ನಾನು: ಕೂಸಿನ ಮಾತು ಬೇರೆ. ಈಗ ಇವನಿಗೆ ಮಾತು ಬರುತ್ತೆ, ಬಾಯಿ ತುಂಬ ಮಾತಾಡ್ತಾನೆ. ಮಧ್ಯಾಹ್ನ 'ಯಾಕೆ ಅಳ್ತಿದೀಯ ಹೇಳು, ಏನು ಬೇಕು ಹೇಳು' ಅಂತ ಹತ್ತು ಸಲ ಕೇಳಿದೆ. ಕೇಳಿದಷ್ಟೂ ಜೋರಾಗಿ ಕಿರುಚಿದ.

ದೊಡ್ಡಮ್ಮ: ಮುಳುಗ್ತಾ ಇರೋನ ಹತ್ರ ನಿಂತು ಊರು ಯಾವುದು, ಹೆಸರೇನು ಅಂತ ಕೇಳಿದ ಹಾಗಾಯ್ತು. ಆ ಹೊತ್ತಲ್ಲಿ ಮಾತು ಇರಲ್ಲ ಕಣೇ. ಇರೋ ಮಾತೆಲ್ಲ ಕೊಚ್ಚಿ ಹೋಗಿರುತ್ತೆ. ಪಕ್ಕ ಕೂತ್ಕೋ. ಕೈಗೆ ಸಿಕ್ಕಿದ್ರೆ ಬೆನ್ನು ಸವರು, ಒದ್ರೆ ಒಂದು ಮಾರು ದೂರ ಕೂತ್ಕೋ. 'ಇಲ್ಲೇ ಇದೀನಿ' ಅಂತ ಒಂದೇ ಸಲ ಹೇಳು.

ನಾನು: ಅಮೆರಿಕದಲ್ಲಿ ಹೀಗೇ ಏನೋ ಕಂಡ್ಕೊಂಡಿದಾರೆ. ಮೈಕೆಲ್ ಪೊಟೆಗಲ್ ಅಂತ ಒಬ್ಬರು, ಸಹೋದ್ಯೋಗಿಗಳ ಜೊತೆ ಸೇರಿ, ಪುಟ್ಟ ಮಕ್ಕಳ ಅಂಗಿಯಲ್ಲಿ ಸಣ್ಣ ಮೈಕ್ ಹೊಲಿದು ರಂಪಾಟದ ಸದ್ದನ್ನ ರೆಕಾರ್ಡ್ ಮಾಡಿದ್ರು. 2011ರಲ್ಲಿ ಪ್ರಕಟವಾಯ್ತು. ಮೊದಲು ಸಿಟ್ಟು, ಆಮೇಲೆ ದುಃಖ ಅಂತ ಎಲ್ಲರೂ ಅಂದ್ಕೊಂಡಿದ್ರು. ನೋಡಿದ್ರೆ ಎರಡೂ ಒಟ್ಟೊಟ್ಟಿಗೇ ಇರುತ್ತೆ. ಕಿರುಚಾಟ ಸಿಟ್ಟಿಂದು, ಅದರ ಅಡಿಯಲ್ಲೇ ಕೊರಗೋದು ದುಃಖದ್ದು. ಸಿಟ್ಟಿನ ಮೊನೆಯಲ್ಲಿ ಪ್ರಶ್ನೆ ಕೇಳಿದ್ರೆ ಅದು ಇನ್ನೂ ಉದ್ದ ಆಗುತ್ತೆ, ಸುಮ್ಮನೆ ಬಿಟ್ರೆ ಸಿಟ್ಟು ಇಳಿದು ದುಃಖ ಉಳಿಯುತ್ತೆ, ಆಗ ಮಗು ತಾನೇ ಹತ್ರ ಬರುತ್ತೆ.

ದೊಡ್ಡಮ್ಮ: ಮೈಕ್ ಇಲ್ಲದೇನೂ ಕೇಳಿಸುತ್ತೆ ಅದು. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ನನ್ನ ಅಂಗನವಾಡಿಯಲ್ಲಿ ಹತ್ತು ಥರದ ಅಳು ಇರ್ತಿತ್ತು. ಒಂದು ಶುರು ಮಾಡಿದ್ರೆ ಉಳಿದವೂ ಯಾಕೆ ಅಂತ ಗೊತ್ತಿಲ್ಲದೇ ದನಿ ಸೇರಿಸ್ತಿದ್ವು. ಕಿವಿ ಕೊಟ್ರೆ ಒಂದೊಂದೂ ಬೇರೆ. ನಮ್ಮ ಮಾತಲ್ಲಿ ಅಳುವಿಗೆ ಎಷ್ಟು ಹೆಸರಿದೆ ನೋಡು. ಮುಸಿಮುಸಿ ಅಳೋದು, ಬಿಕ್ಕಿ ಬಿಕ್ಕಿ ಅಳೋದು, ಗೊಳೋ ಅನ್ನೋದು, ಹೋ ಅಂತ ಬಾಯಿ ಮಾಡೋದು, ರಚ್ಚೆ ಹಿಡಿಯೋದು, ಕೊಸರಾಡೋದು, ತುಟಿ ಬಿರಿಯೋದು, ಕಣ್ಣು ತುಂಬ್ಕೊಳ್ಳೋದು. ರಚ್ಚೆಗೆ ಕಾರಣ ನಿದ್ದೆ ಇಲ್ಲಾ ಹಸಿವು, ಅದಕ್ಕೆ ಉಪದೇಶ ಬೇಡ, ತಟ್ಟೆ ಬೇಕು. ತುಟಿ ಬಿರಿದ್ರೆ ಅವಮಾನ ಆಗಿದೆ ಅಂತ, ಅವನನ್ನ ಎಲ್ಲರ ಎದುರು ಮಾತಾಡಿಸಬಾರದು. ಇಷ್ಟೆಲ್ಲ ಮಾತು ಇಟ್ಕೊಂಡು ಮಗುಗೆ ನಾವು ಕೊಡೋದು ಒಂದೇ ಒಂದು: 'ಸುಮ್ನಿರು.'

ನಾನು: ನಾನು ಪ್ರಯತ್ನ ಮಾಡಿಲ್ಲ ಅಂತ ಅಲ್ಲ. ಫ್ರಿಜ್ ಮೇಲೆ ಒಂದು ಚಾರ್ಟ್ ಅಂಟಿಸಿದೀನಿ. ನಗೋ ಮುಖ, ಅಳೋ ಮುಖ, ಕೋಪದ ಕೆಂಪು ಮುಖ. 'ಈಗ ನಿನಗೆ ಹೇಗಾಗ್ತಿದೆ, ತೋರಿಸು' ಅಂತ ದಿನಾ ಕೇಳ್ತೀನಿ.

ದೊಡ್ಡಮ್ಮ: ಯಾವುದನ್ನ ತೋರಿಸ್ತಾನೆ?

ನಾನು: ಯಾವಾಗಲೂ ನಗೋ ಮುಖವನ್ನೇ.

ದೊಡ್ಡಮ್ಮ: ಅದನ್ನ ತೋರಿಸಿದಾಗ ನೀನು?

ನಾನು: ಖುಷಿಯಾಗಿ ಮುದ್ದು ಮಾಡ್ತೀನಿ... ಓ.

ದೊಡ್ಡಮ್ಮ: ಅವನು ಚಾರ್ಟ್ ನೋಡ್ತಿಲ್ಲ, ನಿನ್ನ ಮುಖ ನೋಡ್ತಿದಾನೆ. ಚಾರ್ಟ್ ಇರಲಿ, ಬೇಡ ಅನ್ನಲ್ಲ. ಆದ್ರೆ ಮಾತು ಬರೋದು ಪಟದಿಂದ ಅಲ್ಲ, ಆದ ಸಂಗತಿಯಿಂದ. ಆಗಿ ಮುಗಿದ ಮೇಲೆ, ಮುಖ ತೊಳೆಸಿ, ನೀರು ಕುಡಿಸಿ, ಮಡಿಲಲ್ಲಿ ಕೂರಿಸ್ಕೊಂಡಾಗ ಹೇಳು. 'ನೀನು ಕಟ್ಟಿದ ಮನೇನ ಅಕ್ಕ ಬೀಳಿಸಿದಳು. ನಿಂಗೆ ಸಿಟ್ಟು ಬಂತು. ಕೈ ಎಲ್ಲ ಬಿಸಿಯಾಯ್ತು.' ಮೂರು ಸಣ್ಣ ಮಾತು. ಹೌದಾ ಅಲ್ವಾ ಅಂತ ಅವನೇ ಹೇಳ್ತಾನೆ. ಎಷ್ಟೋ ಸಲ ತಿದ್ದುತ್ತಾನೆ, 'ಸಿಟ್ಟಲ್ಲ, ಬೇಜಾರು' ಅಂತ.

ನಾನು: ಇವನಿಗೂ ಆ ಒಂದು ಮಾತು ಬರುತ್ತೆ. ಎಲ್ಲಕ್ಕೂ ಬೇಜಾರು.

ದೊಡ್ಡಮ್ಮ: ದೊಡ್ಡೋರಿಗೆ ಮಾತ್ರ ಬೇರೆ ಬರುತ್ತಾ? ಆಡೋಕೆ ಜೊತೆ ಇಲ್ದಿದ್ರೆ ಬೇಜಾರು, ಯಾರಾದ್ರೂ ಬೈದ್ರೆ ಬೇಜಾರು, ಗಂಡ ಫೋನ್ ಮಾಡ್ದಿದ್ರೆ ಬೇಜಾರು, ಸಾವಾದ್ರೂ ಬೇಜಾರು. ಅದು ಒಂದು ಗೋಣಿಚೀಲ ಕಣೇ. ರಾಗಿ, ಜೋಳ, ಕಲ್ಲು, ಮಣ್ಣು ಎಲ್ಲ ಅದರೊಳಗೇ. ಮಗು ಚೀಲ ತಂದು ಮುಂದೆ ಇಡುತ್ತೆ, ನಾವು ಬಿಚ್ಚಿ ಒಂದೊಂದನ್ನೇ ತೆಗೆದು ತೋರಿಸಬೇಕು. ಅದಕ್ಕೆ ನಮ್ಮ ಮಾತಲ್ಲೇ ಒಂದು ಒಳ್ಳೇ ದಾರಿ ಇದೆ. ನಮ್ಮೋರು ಭಾವನೆಯನ್ನೆಲ್ಲ ಮೈಯಲ್ಲಿ ಇಟ್ಟಿದಾರೆ. ಹೊಟ್ಟೆ ಉರೀತು, ಎದೆ ಧಸಕ್ ಅಂತು, ಗಂಟಲು ಕಟ್ತು, ತಲೆ ಬಿಸಿಯಾಯ್ತು, ಕೈಕಾಲು ತಣ್ಣಗಾಯ್ತು, ಕರುಳು ಚುರುಕ್ ಅಂತು. ಮೂರು ವರ್ಷದ ಮಗುಗೆ ಅಸೂಯೆ ಅಂದ್ರೆ ಏನು ಗೊತ್ತು? 'ಅಮ್ಮ ಪಾಪೂನ ಎತ್ಕೊಂಡ್ರೆ ಹೊಟ್ಟೆ ಒಳಗೆ ಉರಿ ಉರಿ ಆಗುತ್ತಾ' ಅಂತ ಕೇಳು, ಹೊಟ್ಟೆ ಮುಟ್ಕೊಂಡು ತಲೆ ಆಡಿಸುತ್ತೆ.

ನಾನು: ನಾಟ್ಯಶಾಸ್ತ್ರದಲ್ಲೂ ಹಾಗೇ ಇದೆ ದೊಡ್ಡಮ್ಮ. ಸಾತ್ವಿಕ ಭಾವ ಅಂತ ಎಂಟು. ಬೆವರೋದು, ಮೈ ನಡುಗೋದು, ರೋಮಾಂಚನ, ದನಿ ಒಡೆಯೋದು, ಬಣ್ಣ ಕೆಡೋದು, ಮರಗಟ್ಟಿ ನಿಲ್ಲೋದು, ಮೂರ್ಛೆ, ಮತ್ತೆ ಕಣ್ಣೀರು. ಎಂಟೂ ಮೈಯಲ್ಲೇ ಕಾಣೋವು. ನಾನು ಮಗನಿಗೆ 'ನಿಂಗೆ ಹೇಗನ್ಸುತ್ತೆ' ಅಂತ ಕೇಳ್ತಿದ್ದೆ, 'ಎಲ್ಲಿ ಅನ್ಸುತ್ತೆ' ಅಂತ ಕೇಳೇ ಇರಲಿಲ್ಲ.

ದೊಡ್ಡಮ್ಮ: ಕೇಳಿ ನೋಡು. ಕೆಲವು ಸಲ 'ಮೂಗಲ್ಲಿ' ಅಂತಾರೆ. ಅದೂ ನಿಜವೇ, ಕಣ್ಣೀರು ಒಳಗಿಂದ ಮೂಗಿಗೆ ಇಳಿಯುತ್ತಲ್ಲ. ಅತ್ತಾಗ ಮೂಗು ಸುರಿಯೋದು ಅದಕ್ಕೇ.

ನಾನು: ಒಂದು ಸಂಶಯ. ಹೀಗೆಲ್ಲ ಮಾಡಿದ್ರೆ ತಲೆ ಮೇಲೆ ಕೂರಲ್ವಾ? ಅಂಗಡಿ ಮುಂದೆ ಚಾಕಲೇಟಿಗೆ ಹಟ ಮಾಡಿದ್ರೂ 'ನಿಂಗೆ ಆಸೆ ಆಯ್ತಾ ಕಂದಾ' ಅಂತ ಕೂರೋದಾ?

ದೊಡ್ಡಮ್ಮ: ಕೂತ್ಕೋ, ಆದ್ರೆ ಚಾಕಲೇಟ್ ಕೊಡಬೇಡ. ಇದು ಎಷ್ಟೋ ತಾಯಂದಿರಿಗೆ ಬಿಡಿಸಿ ಹೇಳಿದೀನಿ. ಅಳು ಬೇರೆ, ಬೇಡಿಕೆ ಬೇರೆ. ಬೇಡಿಕೆಗೆ ಇಲ್ಲ ಅನ್ನು, ಅಳುವಿಗೆ ಇಲ್ಲ ಅನ್ಬೇಡ. 'ಇವತ್ತು ಕೊಡಲ್ಲ. ಅಳು ಬಂದ್ರೆ ಅಳು, ನಾನಿಲ್ಲೇ ಇರ್ತೀನಿ.' ನಾವು ಮಾಡೋದು ತಿರುಗಾ ಮುರುಗಾ. ಚಾಕಲೇಟ್ ಕೊಟ್ಟು ಅಳು ನಿಲ್ಲಿಸ್ತೀವಿ. ಆಗ ಅಳೋದು ಒಂದು ಸಾಮಾನು ಕೊಳ್ಳೋ ದುಡ್ಡಾಗುತ್ತೆ. ಸಿಟ್ಟಿಗೂ ಅಷ್ಟೇ, ಸಿಟ್ಟು ಬಂದಿದ್ದು ತಪ್ಪಲ್ಲ, ಹೊಡೆಯೋ ಕೈಯನ್ನ ಮಾತ್ರ ಹಿಡ್ಕೊಬೇಕು.

ನಾನು: ಮೊಬೈಲ್ ಕೊಟ್ಟಿದ್ದಕ್ಕೆ ನೀವು ಬೈತೀರಿ ಅನ್ಕೊಂಡಿದ್ದೆ.

ದೊಡ್ಡಮ್ಮ: ಬೈದು ಏನಾಗಬೇಕು? ನೀನೂ ಸೋತಿದ್ದೆ. ದಿನಾ ಕೊಡಬೇಡ ಅಷ್ಟೇ. ಆ ಪರದೆ ಅಳುವನ್ನ ಇಳಿಸಲ್ಲ, ಮುಚ್ಚುತ್ತೆ. ಇಳಿಯೋ ದಾರಿ ಅವನು ನಡೆದು ನಡೆದೇ ಕಲೀಬೇಕು, ನೀನು ಪಕ್ಕದಲ್ಲಿದ್ರೆ ಸಾಕು.

ಒಳಗಿನಿಂದ ಸಣ್ಣ ಸದ್ದಾಯಿತು. ಇಬ್ಬರೂ ಕಿವಿಗೊಟ್ಟೆವು. ಮಗ್ಗುಲು ಬದಲಿಸಿದ್ದ, ಅಷ್ಟೇ.

ನಾನು: ಅಂಗನವಾಡಿಯಲ್ಲಿ ಮೂವತ್ತು ಮಕ್ಕಳಿಗೆ ಒಬ್ಬರೇ ಹೇಗೆ ನಿಭಾಯಿಸ್ತಿದ್ರಿ? ಒಬ್ಬೊಬ್ಬರನ್ನೇ ಮಡಿಲಲ್ಲಿ ಕೂರಿಸ್ಕೊಳ್ಳೋಕೆ ಆಗುತ್ತಾ?

ದೊಡ್ಡಮ್ಮ: ಆಗಲ್ಲ. ತೂಕ ಹಾಕಬೇಕು, ರಿಜಿಸ್ಟರ್ ಬರೀಬೇಕು, ಲಸಿಕೆ ದಿನ ಬಂತು, ಸಾಂಬಾರು ಹತ್ತದ ಹಾಗೆ ನೋಡ್ಕೊಬೇಕು. ಕತೆಯೇ ನನಗೆ ಆಸರೆ. ಗೋವಿನ ಹಾಡು ಇದೆಯಲ್ಲ, ಪುಣ್ಯಕೋಟಿ ಕತೆ. ಹುಲಿಗೆ ಮಾತು ಕೊಟ್ಟು ಹಸು ದೊಡ್ಡಿಗೆ ಬಂದು ಕರುಗೆ ಹಾಲು ಕುಡಿಸುತ್ತಲ್ಲ, ಅಲ್ಲಿ ನಿಲ್ಲಿಸಿ, 'ಈಗ ಕರುಗೆ ಏನಾಗ್ತಿದೆ' ಅಂತ ಕೇಳ್ತಿದ್ದೆ. ಮೂರು ವರ್ಷದವು 'ಹಸಿವಾಗ್ತಿದೆ' ಅಂತಿದ್ವು. ನಾಲ್ಕು ವರ್ಷದವು 'ಹೆದರಿಕೆ ಆಗ್ತಿದೆ' ಅಂತಿದ್ವು. ಐದು ದಾಟಿದವು, 'ಅಮ್ಮ ಹೋಗ್ಬೇಡ ಅನ್ಬೇಕು ಅನ್ಸುತ್ತೆ, ಆದ್ರೆ ಅಮ್ಮ ಮಾತು ಕೊಟ್ಟಿದಾಳೆ' ಅಂತಿದ್ವು. ಒಂದೇ ಕರು, ವರ್ಷ ವರ್ಷಕ್ಕೂ ಅದರ ದುಃಖ ಬೆಳೆಯುತ್ತೆ. ಕೇಳಿ ಕೇಳಿ ನನಗೆ ಮಗುವಿನ ವಯಸ್ಸು ಉತ್ತರದಲ್ಲೇ ಗೊತ್ತಾಗ್ತಿತ್ತು. ಕರುವಿಗೋಸ್ಕರ ಅತ್ತ ಮಗು ತನಗೋಸ್ಕರ ಅಳೋಕೂ ಮಾತು ಕಲಿಯುತ್ತೆ.

ನಾನು: ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತಲ್ಲ. ಆ ಭಾಗ ಹೇಳ್ತಿದ್ರಾ? ನಾನು ಇವನಿಗೆ ಹುಲಿ ಕಾಡಿಗೆ ವಾಪಸ್ ಹೋಯ್ತು ಅಂತ ಹೇಳ್ತೀನಿ.

ದೊಡ್ಡಮ್ಮ: ಹೇಳ್ತಿದ್ದೆ. ಹುಲಿಗೋಸ್ಕರ ಅತ್ತ ಮಕ್ಕಳೂ ಇದ್ವು. ಅಷ್ಟು ಹೊತ್ತು ಬೈತಿದ್ದ ಹುಲಿಗೇ. ಅದನ್ನ ಅವರಿಂದ ಕಿತ್ಕೊಂಡು ಏನು ಮಾಡ್ತೀಯ? ಮತ್ತೆ ಗಂಡು ಹುಡುಗ್ರೂ ಅಳ್ತಿದ್ವು, ಬೇರೆ ಮಕ್ಕಳ ಮುಂದೆಯೇ. ಚಿಕ್ಕಪ್ಪನ್ನ ನೀನು ಕೇಳಬೇಕಿತ್ತು, ಊರ ನಾಟಕದಲ್ಲಿ ಅವರು ಹರಿಶ್ಚಂದ್ರನ ಪಾರ್ಟು ಮಾಡ್ತಿದ್ದಾಗ ರೋಹಿತಾಶ್ವನ ಹೆಣ ಸುಡುಗಾಡಿಗೆ ಬರೋ ಸೀನಲ್ಲಿ ಹೇಗೆ ಅಳ್ತಿದ್ರು ಅಂತ. ಕೆಳಗೆ ಕೂತಿದ್ದ ಗಂಡಸರೂ ಟವೆಲ್‌ನಲ್ಲಿ ಕಣ್ಣು ಒರೆಸ್ಕೊತಿದ್ರು. 1965ರಲ್ಲಿ ರಾಜಕುಮಾರ್ ಅವರ ಸತ್ಯಹರಿಶ್ಚಂದ್ರ ಬಂತು. ಆ ಸಿನಿಮಾ ನೋಡಿ ಅಳದ ಗಂಡಸರನ್ನ ನಾನು ಕಾಣೆ. ಅವರಿಗೂ ಅಳು ಬೇಕು. ನಾಟಕದ ನೆಪ ಬೇಕಾಗಿದ್ದು ಯಾಕೆ ಅಂದ್ರೆ, ಮೂರು ವರ್ಷಕ್ಕೇ ಯಾರೋ ನಾಚಿಕೆ ನಾಚಿಕೆ ಅಂದಿದ್ರು.

ನಾನು: ಅಂಗನವಾಡಿಯಲ್ಲಿ ಅಳದ ಮಕ್ಕಳೂ ಇರ್ತಿದ್ವಾ?

ದೊಡ್ಡಮ್ಮ ತಕ್ಷಣ ಉತ್ತರಿಸಲಿಲ್ಲ. ಮೊರದಲ್ಲಿದ್ದ ಕಾಳನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದರು.

ದೊಡ್ಡಮ್ಮ: ಒಬ್ಬ ಇದ್ದ. ಮೊದಲನೇ ದಿನ ಅತ್ತ, ಎರಡನೇ ದಿನ ಅತ್ತ, ಮೂರನೇ ದಿನದಿಂದ ಇಲ್ಲ. ಹೇಳಿದ ಕಡೆ ಕೂರ್ತಿದ್ದ. ಅಳೋ ಮಕ್ಕಳಿಗೆಲ್ಲ ಅವನನ್ನ ತೋರಿಸಿ, 'ನೋಡಿ ಎಷ್ಟು ಜಾಣ' ಅಂತಿದ್ದೆ. ನಮ್ಮ ಸಹಾಯಕಿ ಓದಿದೋಳಲ್ಲ, ಅವಳು ಕಂಡಳು. 'ಟೀಚರೇ, ಆ ಹುಡುಗ ಚೀಲ ಕೆಳಗೇ ಇಡಲ್ಲ, ಉಣ್ಣೋವಾಗ್ಲೂ ತೊಡೆ ಮೇಲೆ ಇಟ್ಕೊತಾನೆ, ಯಾವಾಗ ಬೇಕಾದ್ರೂ ಹೊರಡೋನ ಹಾಗೆ' ಅಂದಳು. ಮನೆಗೆ ಹೋಗಿ ವಿಚಾರಿಸಿದ್ರೆ ತಾಯಿ ಜಗಳ ಆಡ್ಕೊಂಡು ತವರಿಗೆ ಹೋಗಿ ತಿಂಗಳಾಗಿತ್ತು. ಅತ್ರೆ ಅಪ್ಪ ಹೊಡೀತಿದ್ದ. ನಾಲ್ಕು ವರ್ಷದ ಮಗು ಅಳು ನುಂಗೋದು ಕಲಿತಿತ್ತು, ಅದನ್ನ ನಾನು ಜಾಣತನ ಅಂದಿದ್ದೆ. ಆಮೇಲೆ ಅವನನ್ನ ದಿನಾ ಹತ್ರ ಕೂರಿಸ್ಕೊತಿದ್ದೆ. ಎಷ್ಟೋ ದಿನ ಆದ ಮೇಲೆ ಒಂದು ಮಧ್ಯಾಹ್ನ ಮೊಟ್ಟೆ ಕೈಜಾರಿ ಮಣ್ಣಿಗೆ ಬಿತ್ತು ಅಂತ ಅತ್ತ. ಒಂದು ಮೊಟ್ಟೆಗೆ ಅಷ್ಟು ಅಳು ಇರಲ್ಲ ಕಣೇ. ಅವತ್ತು ಸಹಾಯಕಿಯೂ ನಾನೂ ಒಬ್ಬರನ್ನೊಬ್ಬರು ನೋಡ್ಕೊಂಡ್ವಿ. ಈಗಲೂ ಯಾರಾದ್ರೂ 'ನಮ್ಮ ಮಗು ಜಾಣ, ಅಳೋದೇ ಇಲ್ಲ' ಅಂದ್ರೆ ನನಗೆ ಎದೆ ಧಸಕ್ ಅನ್ನುತ್ತೆ.

ನಾನು: ಅಪ್ಪ ಹೋದಾಗ ಇವನೂ ಅಳಲಿಲ್ಲ ದೊಡ್ಡಮ್ಮ. ಹದಿಮೂರು ದಿನವೂ. ಬಂದೋರೆಲ್ಲ ಜಾಣ ಮರಿ ಅಂದ್ರು.

ದೊಡ್ಡಮ್ಮ: ನಾನೂ ನೋಡಿದೆ. ಅವನಿಗೆ ಏನಂತ ಹೇಳಿದ್ರಿ?

ನಾನು: ಏನು ಹೇಳೋದು, ಅಷ್ಟು ಚಿಕ್ಕ ಮಗುಗೆ? ಎಲ್ಲರೂ ಹೇಳಿದ ಹಾಗೆ, ತಾತ ಊರಿಗೆ ಹೋಗಿದಾರೆ ಅಂತ ಹೇಳಿದ್ವಿ.

ದೊಡ್ಡಮ್ಮ: ಇವತ್ತು ಮಧ್ಯಾಹ್ನ ಅವನಪ್ಪ ಏನು ಹೇಳಿ ಕಾರು ಹತ್ತಿದ?

ನಾನು ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. ನನ್ನ ಗಂಡ ಬಗ್ಗಿ, ಮಗನ ಕೆನ್ನೆಗೆ ಮುತ್ತಿಟ್ಟು, 'ಊರಿಗೆ ಹೋಗಿ ಬರ್ತೀನಿ ಪುಟ್ಟ' ಎಂದಿದ್ದರು.

ನಾನು: ಅಯ್ಯೋ.

ದೊಡ್ಡಮ್ಮ: ಊರಿಗೆ ಹೋದೋರು ಬರಲ್ಲ ಅಂತ ಮೂರು ತಿಂಗಳಲ್ಲಿ ಅವನೇ ಲೆಕ್ಕ ಹಾಕಿದಾನೆ. ಎಷ್ಟು ಸರಿಯಾಗಿ ಯೋಚನೆ ಮಾಡಿದಾನೆ ನೋಡು. ಅದಕ್ಕೇ ಬಾಗಿಲು ಬಿಡಲಿಲ್ಲ. ನಾವು ಅದನ್ನ ಹಟ ಅಂದ್ವಿ.

ನಾನು: ಇನ್ನೊಂದಿದೆ. ಅಪ್ಪ ಹೋಗೋ ಹಿಂದಿನ ದಿನ ವಿಡಿಯೊ ಕಾಲ್ ಮಾಡಿದ್ರು. ಇವನು ಆಟದಲ್ಲಿದ್ದ. 'ತಾತ ಬೇಡ, ಹೋಗು' ಅಂದುಬಿಟ್ಟ. ಅಪ್ಪ ನಕ್ಕು, ನಾಳೆ ಮಾಡ್ತೀನಿ ಅಂದ್ರು. ಇತ್ತೀಚೆಗೆ ಎರಡು ಸಲ ಕೇಳಿದಾನೆ, 'ತಾತಂಗೆ ನನ್ನ ಮೇಲೆ ಸಿಟ್ಟಾ' ಅಂತ. ಇಲ್ಲ ಕಣೋ, ಊಟ ಮಾಡು ಅಂತ ಮಾತು ತೇಲಿಸಿದೆ.

ದೊಡ್ಡಮ್ಮ: ಈ ವಯಸ್ಸಲ್ಲಿ ತಾವು ಅಂದಿದ್ದು, ಅಂದ್ಕೊಂಡಿದ್ದು ಎಲ್ಲ ನಡೆದುಬಿಡುತ್ತೆ ಅಂತ ನಂಬಿರ್ತಾರೆ. ಹೋಗು ಅಂದ, ಹೋದ್ರು. ಯಾರಿಗೂ ಹೇಳದೆ ಅದನ್ನ ಹೊತ್ಕೊಂಡು ತಿರುಗ್ತಿದಾನೆ. ಅವನಿಗೆ ನಿಜ ಹೇಳಬೇಕು ಕಣೇ, ನೀನೇ ಹೇಳಬೇಕು.

ನಾನು: ಏನಂತ? ದೇವರ ಹತ್ರ ಹೋದ್ರು ಅಂತಲಾ?

ದೊಡ್ಡಮ್ಮ: ನಿನ್ನ ನಂಬಿಕೆ ಆಮೇಲೆ ಹೇಳ್ಕೋ, ಮೊದಲು ಆಗಿದ್ದನ್ನ ಹೇಳು. 'ತಾತ ಸತ್ತುಹೋದ್ರು' ಅಂತಲೇ ಹೇಳು. ಮಲಗಿದಾರೆ ಅಂದ್ರೆ ಮಲಗೋಕೆ ಹೆದರ್ತಾನೆ, ಕಾಯಿಲೆ ಬಂತು ಅಂತ ಬರೀ ಅಷ್ಟು ಹೇಳಿದ್ರೆ ನಾಳೆ ನಿನಗೆ ನೆಗಡಿ ಬಂದ್ರೂ ನಡುಗ್ತಾನೆ. ತಾತನ ಎದೆಗೆ ತುಂಬಾ ತುಂಬಾ ದೊಡ್ಡ ಕಾಯಿಲೆ ಆಗಿತ್ತು, ಮೈ ಕೆಲಸ ಮಾಡೋದು ನಿಲ್ಲಿಸ್ತು, ಈಗ ಅವರಿಗೆ ಹಸಿಯೋದಿಲ್ಲ, ನೋಯೋದಿಲ್ಲ, ಅವರು ಮತ್ತೆ ಬರೋಕೆ ಆಗಲ್ಲ. ಯಾರೋ ಏನೋ ಅಂದಿದ್ದಕ್ಕೆ ಸತ್ತಿದ್ದಲ್ಲ. ಇದನ್ನ ಮಾತ್ರ ಬಿಡಬೇಡ. ಹೇಳಿದ ಮೇಲೆ 'ನಾಳೆ ಬರ್ತಾರಾ' ಅಂತ ಕೇಳ್ತಾನೆ. ಹತ್ತು ದಿನ, ಹತ್ತು ಸಲ ಕೇಳ್ತಾನೆ. ಹತ್ತು ಸಲವೂ ಅದೇ ಉತ್ತರ ಕೊಡಬೇಕು. ನಡುವೆ ಎದ್ದು ಆಡೋಕೆ ಓಡಿಬಿಟ್ರೆ ಇವನಿಗೆ ಏನೂ ಅನ್ನಿಸಲಿಲ್ಲ ಅಂತ ಅನ್ಕೋಬೇಡ. ಮಕ್ಕಳು ದುಃಖವನ್ನ ತುತ್ತು ತುತ್ತಾಗಿ ತಿಂತಾರೆ.

ನಾನು: ಹೇಳ್ತಾ ನಾನು ಅತ್ತುಬಿಟ್ರೆ?

ದೊಡ್ಡಮ್ಮ: ಅಳು. ಅವನು ನೀನು ಅತ್ತಿದ್ದನ್ನ ಯಾವತ್ತಾದ್ರೂ ನೋಡಿದಾನಾ?

ನಾನು: ಇಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಒಂದೆರಡು ಸಲ ಕಣ್ಣು ಕೆಂಪಾಗಿದ್ದು ನೋಡಿ ಕೇಳಿದ. ಈರುಳ್ಳಿ ಹೆಚ್ಚಿದೆ ಅಂತ ಹೇಳಿದೆ. ಒಂದಿನ ಅಡುಗೆಮನೆಗೆ ಹೋಗಿ ಬಂದು, 'ಇವತ್ತು ಈರುಳ್ಳಿ ಹೆಚ್ಚಿಲ್ಲ' ಅಂದ. ಮತ್ತೆ ಕೇಳಲಿಲ್ಲ.

ದೊಡ್ಡಮ್ಮ: ಕೇಳಬಾರದ್ದು ಅಂತ ತಿಳ್ಕೊಂಡ. ನಿನ್ನನ್ನ ನೋಡಿಯೇ ಹದಿಮೂರು ದಿನ ಜಾಣ ಆಗಿದ್ದು ಅವನು.

ನಾನು: ಅಮ್ಮ ಅತ್ರೆ ಮಗು ಹೆದರಲ್ವಾ?

ದೊಡ್ಡಮ್ಮ: ಅಮ್ಮ ಅತ್ತು, ಆಮೇಲೆ ಮುಖ ತೊಳ್ಕೊಂಡು, ಅನ್ನಕ್ಕೆ ಇಟ್ಟಳು ಅಂತ ನೋಡಿದ್ರೆ ಹೆದರಲ್ಲ. ಅಳುವಿಗೆ ಒಂದು ಆಚೆ ದಡ ಇದೆ ಅಂತ ಅವನಿಗೆ ಕಾಣಬೇಕು. ಅದನ್ನ ಬಾಯಲ್ಲಿ ಹೇಳಿ ಕಲಿಸೋಕೆ ನನಗಂತೂ ಯಾವತ್ತೂ ಆಗಲಿಲ್ಲ. ಅವನ ಮೇಲೆ ಭಾರ ಹಾಕಬೇಡ ಅಷ್ಟೇ, 'ನೀನೇ ಅಮ್ಮನ್ನ ನೋಡ್ಕೊಬೇಕು' ಅಂತೆಲ್ಲ ಅನ್ಬೇಡ.

ಅಷ್ಟರಲ್ಲಿ ಬಾಗಿಲ ಹತ್ತಿರ ಅವನು ನಿಂತಿದ್ದ. ಕೆನ್ನೆಯ ಮೇಲೆ ಒಣಗಿದ ಗೆರೆ, ಕೈಯಲ್ಲಿ ಹೊದಿಕೆಯ ತುದಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನನ್ನ ಕಡೆ ಬರಲಿಲ್ಲ. ಹೊಸ್ತಿಲ ಪಕ್ಕ ಗೋಡೆಗೆ ಆನಿಸಿಟ್ಟಿದ್ದ ಅಪ್ಪನ ಚಪ್ಪಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಅಮ್ಮ ಅದನ್ನು ಅಲ್ಲಿಂದ ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ.

"ತಾತ ಚಪ್ಪಲಿ ಬಿಟ್ಟು ಊರಿಗೆ ಹೋಗಿದಾರೆ," ಎಂದ.

ದೊಡ್ಡಮ್ಮ ಮೊರ ಎತ್ತಿಕೊಂಡು ಒಳಗೆ ಹೋಗಲಿಲ್ಲ. ಅಲ್ಲೇ ಕೂತು ತಲೆ ಬಗ್ಗಿಸಿ ಕಾಯಿ ಸುಲಿಯುತ್ತಿದ್ದರು. ನಾನು ಅವನನ್ನು ಮಡಿಲಿಗೆ ಎಳೆದುಕೊಂಡೆ. ಹೇಳಿದೆ. ಅವರು ಹೇಳಿಕೊಟ್ಟ ಕ್ರಮದಲ್ಲಿ ಬರಲಿಲ್ಲ, ಹಿಂದು ಮುಂದಾಯಿತು, ಆದರೆ 'ಸತ್ತುಹೋದರು' ಎಂಬ ಮಾತನ್ನು ಹೇಳಿದೆ. ಹೋಗು ಎಂದದ್ದಕ್ಕೆ ಅಲ್ಲ, ತಾತನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ಅವತ್ತು ಫೋನಿನಲ್ಲಿ ನಕ್ಕಿದ್ದರು ಎಂಬುದನ್ನೂ ಹೇಳಿದೆ. ಹೇಳುತ್ತಾ ದನಿ ಒಡೆಯಿತು.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬೆರಳು ಚಾಚಿ ಕೆನ್ನೆಯ ಮೇಲಿನ ಹನಿಯನ್ನು ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ಹಿಡಿದ.

"ಈರುಳ್ಳಿನಾ ಅಮ್ಮ?"

"ಅಲ್ಲ ಪುಟ್ಟ. ತಾತ ಬೇಕು ಅನ್ನಿಸ್ತಿದೆ."

"ಎಲ್ಲಿ?"

ನಾನು ಗಂಟಲು ಮುಟ್ಟಿ ತೋರಿಸಿದೆ. ಅವನು ತನ್ನ ಗಂಟಲು ಮುಟ್ಟಿಕೊಂಡ, ಆಮೇಲೆ ಹೊಟ್ಟೆ, ಆಮೇಲೆ ಅಲ್ಲಲ್ಲ ಎನ್ನುವ ಹಾಗೆ ಮತ್ತೆ ಗಂಟಲು. ತುಟಿ ಬಿರಿಯಿತು. ಈ ಸಲದ ಅಳುವಿನಲ್ಲಿ ಕಿರುಚಾಟ ಇರಲಿಲ್ಲ. ಮುಸಿಮುಸಿ, ನನ್ನ ಭುಜಕ್ಕೆ ಮೂಗು ಒತ್ತಿ, ಬಹಳ ಹೊತ್ತು.

"ನಾಳೆ ಬರ್ತಾರಾ?"

"ಇಲ್ಲ ಪುಟ್ಟ. ತಾತ ಬರೋಕೆ ಆಗಲ್ಲ."

"ಅಪ್ಪ?"

"ಅಪ್ಪ ಬೆಂಗಳೂರಿನ ಮನೆಗೆ ಹೋಗಿದಾರೆ. ಶುಕ್ರವಾರ ಬರ್ತಾರೆ. ಮೂರು ಸಲ ಮಲಗಿ ಎದ್ರೆ ಶುಕ್ರವಾರ."

ಮೂರು ಬೆರಳು ಬಿಡಿಸಲು ಅವನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ನಾಲ್ಕು ಬಿಡಿಸಿ, ಒಂದನ್ನು ಇನ್ನೊಂದು ಕೈಯಿಂದ ಮಡಿಸಿ ಹಿಡಿದ. ಹಾಗೇ ಹಿಡಿದುಕೊಂಡು ಮಡಿಲಿಂದ ಇಳಿದು ದೊಡ್ಡಮ್ಮನ ಹತ್ತಿರ ಹೋಗಿ, ನಂಗೂ ಕಾಯಿ ಕೊಡಿ, ನಾನೂ ಸುಲೀತೀನಿ ಎಂದ.